ಬಂಗುಡೆ ಒಣಗುವ ಬಿಸಿಲು

ಕಳೆದ ತಿಂಗಳು ಕಾಪುವಿನಲ್ಲಿ ಅವರ ಉತ್ತರಕ್ರಿಯೆಗೆ ಹೋಗಿದ್ದೆ. ನಮ್ಮ ಕಡೆ ಈಗೀಗ ಊಟಕ್ಕೆ ಮೊದಲು, ತೀರಿಹೋದವರ ಬಗ್ಗೆ ಯಾರಾದರೂ ನಾಲ್ಕು ಮಾತು ಆಡುವ ಕ್ರಮ ಬಂದಿದೆ. ಅವರ ಮಗಳು ನನ್ನ ಬಳಿ ಬಂದು, "ಭಟ್ರೇ, ನೀವು ಅಮ್ಮನ ಒಟ್ಟಿಗೆ ಕೆಲಸ ಮಾಡಿದವರು. ಎರಡು ಮಾತು ಹೇಳಿ" ಎಂದರು. ಮೈಕಿನ ಮುಂದೆ ನಿಂತೆ. ಸುಮಾರು ನೂರೈವತ್ತು ಜನ ಇದ್ದರು. ನನ್ನ ಬಾಯಿಂದ ಹೊರಟ ಮೊದಲ ಮಾತು, "ಎಂಟು ಬಂಗುಡೆ."

ಎರಡನೆಯ ಮಾತು ಹೊರಡಲಿಲ್ಲ. ಯಾರೋ ನೀರು ಕೊಟ್ಟು ಕೂರಿಸಿದರು. ಹಿಂದಿನ ಸಾಲಿನಲ್ಲಿ ಒಬ್ಬರು ಪಿಸುಗುಟ್ಟಿದ್ದು ನನಗೆ ಸರಿಯಾಗಿಯೇ ಕೇಳಿಸಿತು: "ಇವತ್ತು ಊಟಕ್ಕೆ ಮೀನು ಇಲ್ಲ ಅಂತ ಭಟ್ರಿಗೆ ಯಾರೂ ಹೇಳ್ಲಿಲ್ವಾ ಮಾರಾಯ?"

ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ನಾನು ಕಂಡದ್ದನ್ನು ಮಾತ್ರ ಬರೆಯುತ್ತೇನೆ. ಅವರ ಹೆಸರು ಹಾಕುವುದಿಲ್ಲ. ನಾವೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆವು.

ಉಡುಪಿ ಜಿಲ್ಲೆಯಾದ ಮರುವರ್ಷ ನಾನು ಮಣಿಪಾಲದಲ್ಲಿ, ಗುಡ್ಡದ ಅಂಚಿನಲ್ಲಿದ್ದ ಒಂದು ಕಂಪನಿಯ ಅತಿಥಿಗೃಹದಲ್ಲಿ ಸೂಪರ್‌ವೈಸರ್ ಆಗಿದ್ದೆ. ಕೋಣೆಗಳ ಬೀಗದ ಕೈ, ಕಿಟಕಿಯ ಪರದೆ, ನೀರಿನ ಟ್ಯಾಂಕಿ, ತೋಟ, ಇಷ್ಟು ನನ್ನ ಜವಾಬ್ದಾರಿ. ಗೇಟಿನ ಒಳಗೆ ಒಂದು ಫಲಕವಿತ್ತು: ಈ ಆವರಣದೊಳಗೆ ಮೀನು, ಮಾಂಸ, ಮದ್ಯ ನಿಷಿದ್ಧ. ಅದನ್ನು ಬರೆಸಿದವನೂ ನಾನೇ. ಕಂಪನಿಯ ಯಜಮಾನರು ವರ್ಷಕ್ಕೊಮ್ಮೆ, ಏಪ್ರಿಲಿನಲ್ಲಿ ವಿಷು ಹಬ್ಬ ಕಳೆದ ಮೇಲೆ ಬಂದು ನಾಲ್ಕು ದಿನ ಇರುತ್ತಿದ್ದರು. ಅವರು ಕಾರಿನಿಂದ ಇಳಿಯುವ ಜಾಗದಲ್ಲಿ ನಲವತ್ತು ಅಡಿ ಉದ್ದದ ಒಂದು ಹೂವಿನ ಪಾತಿ. ಅದರಲ್ಲಿ ಹೂವಿರಲಿಲ್ಲ. ಇದೇ ತೊಂದರೆ.

ಅಲ್ಲಿ ನಾನು ಮೂರು ಸಲ ಗಿಡ ನೆಟ್ಟಿದ್ದೆ. ಮೊದಲ ಸಲ ಗುಲಾಬಿ. ಎರಡನೇ ಸಲ ಬೇರೆ ಅಂಗಡಿಯ ಗುಲಾಬಿ. ಮೂರನೇ ಸಲ, ಅತಿಥಿಗೃಹದ ಮ್ಯಾನೇಜರರ ಹೆಂಡತಿ ಮಡಿಕೇರಿಯಲ್ಲಿ ನೋಡಿ ಮೆಚ್ಚಿದ ನೀಲಿ ಗೊಂಚಲಿನ ಗಿಡ. ಅದರ ಹೆಸರು ನನಗೆ ಗೊತ್ತಾಗುವ ಮೊದಲೇ ಅದು ಸತ್ತಿತು. ದಿನಕ್ಕೆ ಎರಡು ಹೊತ್ತು ನೀರು ಹಾಕುತ್ತಿದ್ದೆ. ಗಿಡಗಳು ಒದ್ದೆಯಾಗಿಯೇ ಒಣಗುತ್ತಿದ್ದವು.

ಅಕ್ಕ ಆಗ ಮೀನು ಮಾರುತ್ತಿದ್ದರು. ಕಾಪುವಿನಿಂದ ಬಸ್ಸಿನಲ್ಲಿ ಬಂದು, ಬುಟ್ಟಿ ಹೊತ್ತು ಗುಡ್ಡ ಹತ್ತಿ, ನಮ್ಮ ಗೇಟಿನ ಎದುರು ರಸ್ತೆಯಾಚೆ ಸ್ವಲ್ಪ ಹೊತ್ತು ಕುಳಿತು ದಣಿವಾರಿಸಿಕೊಳ್ಳುತ್ತಿದ್ದರು. ನಾನು ನೀಲಿ ಗಿಡದ ಕಡ್ಡಿಗಳನ್ನು ಕೀಳುತ್ತಿದ್ದ ದಿನ ಗೇಟಿನ ಹೊರಗಿನಿಂದಲೇ ಕೇಳಿದರು.

"ಎಂತ ಭಟ್ರೇ, ಇದೂ ಹೋಯ್ತಾ?"

"ಹೋಯ್ತು."

"ಅಲ್ಲಿ ಗುಲಾಬಿ ನೆಟ್ಟವನಿಗೆ ಬುದ್ಧಿ ಉಂಟಾ?"

"ನಾನೇ ನೆಟ್ಟದ್ದು."

"ಹೌದಾ? ಹಾಗಾದ್ರೆ ಬೇಜಾರು ಮಾಡ್ಬೇಡಿ" ಎಂದವರು, ಸ್ವಲ್ಪ ತಡೆದು, "ಆದ್ರೂ ಬುದ್ಧಿ ಉಂಟಾ?" ಎಂದು ಮತ್ತೆ ಕೇಳಿದರು.

ಇಪ್ಪತ್ತೈದು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಅವರ ಕುತ್ತಿಗೆಯ ಎಲುಬು ಸವೆದಿತ್ತು. ಎಡಕ್ಕೆ ನೋಡಬೇಕಾದರೆ ಇಡೀ ಮೈಯನ್ನೇ ತಿರುಗಿಸುತ್ತಿದ್ದರು. ಇನ್ನು ತಲೆಯ ಮೇಲೆ ಭಾರ ಹೊರಬಾರದು ಎಂದು ಡಾಕ್ಟರು ಹೇಳಿದ್ದರು. ಭಾರ ಹೊರದೆ ಮಾಡುವ ಕೆಲಸ ಅವರಿಗೆ ಬೇಕಿತ್ತು. ನನಗೆ ಪಾತಿಯಲ್ಲಿ ಹೂವು ಬೇಕಿತ್ತು. ನಾನು ಮ್ಯಾನೇಜರರ ಹತ್ತಿರ ಮಾತಾಡಿದೆ. "ಯಜಮಾನರು ಬರುವಾಗ ಅಲ್ಲಿ ಹೂ ಇದ್ದರೆ ಆ ಹೆಂಗಸನ್ನು ಪರ್ಮನೆಂಟ್ ಮಾಡುವ. ಇಲ್ಲದಿದ್ದರೆ ಇಲ್ಲ" ಎಂದರು. ಅಕ್ಕನಿಗೆ ಹಾಗೆಯೇ ತಿಳಿಸಿದೆ. ಅವರು ಬುಟ್ಟಿಯನ್ನು ಮಗಳಿಗೂ ಕೊಡದೆ, ಒಡೆದು ಒಲೆಗೆ ಹಾಕಿ ಬಂದೆ ಎಂದರು.

ತೋಟದ ಕೆಲಸಕ್ಕೆ ಬಂದ ಮೊದಲ ವಾರ ಅವರು ಒಂದು ಗಿಡವನ್ನೂ ಮುಟ್ಟಲಿಲ್ಲ. ಪಾತಿಯ ಉದ್ದಕ್ಕೂ ಬರಿಗಾಲಿನಲ್ಲಿ ನಡೆಯುವುದು, ಕೈಯ ಹಿಂಬದಿಯನ್ನು ನೆಲಕ್ಕೆ ತಾಗಿಸುವುದು, "ಹ್ಞೂಂ" ಎನ್ನುವುದು. ಹೊಂಡ ತೆಗೆಯಲು ಬಾಗಲಕೋಟೆ ಕಡೆಯ ಯಮನಪ್ಪ ಎಂಬುವನನ್ನು ಇಟ್ಟಿದ್ದೆವು. ಮೂವತ್ತೈದು ವರ್ಷದ ಗಟ್ಟಿ ಆಳು. ಅವನು ಪಿಕಾಸಿ ಹಿಡಿದು ವಾರವಿಡೀ ಕಾದ.

"ಅಕ್ಕಾರ, ಎಲ್ಲಿ ಅಗೀಲಿ ಹೇಳ್ರಿ."

"ತಡಿ ಮಾರಾಯ. ಮೊದಲು ಬಿಸಿಲು ನೋಡ್ಬೇಕು."

"ಬಿಸಿಲ ಏನ್ ನೋಡೋದ್ರಿ? ನಮ್ಮೂರಿಗೆ ಬರ್ರಿ, ಬುಟ್ಟಿಗಟ್ಟಲೆ ಕೊಡ್ತೀನಿ."

"ನಿಮ್ಮ ಊರಿನದ್ದು ಒಣ ಬಿಸಿಲು. ಇಲ್ಲಿಯದ್ದು ಬೇಯಿಸುವ ಬಿಸಿಲು. ಎರಡಕ್ಕೂ ಬೇರೆ ಬೇರೆ ಹೂ."

ಮರುದಿನ ಅವರು ಒಂದು ಮುಚ್ಚಿದ ತಗಡಿನ ಡಬ್ಬಿ ತಂದರು. ನನ್ನನ್ನು ಉಪಕರಣಗಳನ್ನಿಡುವ ಕೋಣೆಗೆ ಕರೆದು ಮುಚ್ಚಳ ತೆರೆದರು. ಒಳಗೆ, ಬೆನ್ನು ಸೀಳಿ ಉಪ್ಪು ಅರಸಿನ ಹಚ್ಚಿದ ಎಂಟು ಮೀನು. ಒಂಬತ್ತು ಇತ್ತೆಂದು ಆಮೇಲೆ ಕೆಲವರು ಹೇಳಿದ್ದುಂಟು. ಅದು ಸರಿಯಲ್ಲ. ಎಂಟು.

"ಭಟ್ರೇ, ಇದೆಂತ ಗೊತ್ತುಂಟಾ?"

"ಮೀನು."

"ಮೀನು ಅಂತ ಕುರುಡನಿಗೂ ಗೊತ್ತಾಗ್ತದೆ. ಬಂಗುಡೆ. ನಾಲ್ಕೂ ಕಡೆ ಒಂದೇ ದಪ್ಪ, ಹಾಗಾಗಿ ಇದು ಸುಳ್ಳು ಹೇಳುದಿಲ್ಲ. ಬೂತಾಯಿ ಮೀನಿನಲ್ಲಿ ಎಣ್ಣೆ ಜಾಸ್ತಿ, ಅದನ್ನು ನಂಬ್ಲಿಕ್ಕಾಗುದಿಲ್ಲ. ಸಿಗಡಿ ಎಲ್ಲಿ ಇಟ್ಟರೂ ಒಣಗ್ತದೆ."

ಅವರ ಕ್ರಮವನ್ನು ನಾನು ಅಂದೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮೀನನ್ನು ಗಿಡ ನೆಡುವ ಜಾಗದಲ್ಲೇ ನೆಲಕ್ಕೆ ಇಡಬೇಕು. ಬಾಲ ಹಿಡಿದು ಎತ್ತಿದಾಗ ತಲೆ ಬಗ್ಗದೆ ನೆಟ್ಟಗೆ ನಿಂತರೆ ಒಣಗಿದೆ ಎಂದು ಅರ್ಥ. ಎರಡನೇ ದಿನ ಮಧ್ಯಾಹ್ನ ಮೂರರೊಳಗೆ ಒಣಗಿದರೆ ಅಲ್ಲಿ ಬೋಗನ್‌ವಿಲ್ಲಾ, ಕಣಗಿಲೆ, ರತ್ನಗಂಧಿ ಬಿಟ್ಟು ಬೇರೇನೂ ಬದುಕುವುದಿಲ್ಲ. ಮೂರನೇ ದಿನ ಒಣಗಿದರೆ ದಾಸವಾಳ, ಕೇಪಳ ನೆಡಬಹುದು. ನಾಲ್ಕನೇ ದಿನಕ್ಕೆ ಹೋದರೆ ನಂದಿಬಟ್ಟಲು. ಒಣಗುವ ಮೊದಲೇ ನಾತ ಬಂದರೆ ಅಲ್ಲಿ ಹೂವಿನ ಆಸೆ ಬಿಟ್ಟು ಬರೀ ಎಲೆಯ ಗಿಡ ಹಾಕಬೇಕು.

"ಆದರೆ ಅಕ್ಕ, ಫಲಕ ಉಂಟಲ್ಲ" ಎಂದೆ.

"ಫಲಕದಲ್ಲಿ ತಿನ್ನುವವರಿಗೆ ಬರ್ದದ್ದು. ಇದು ಅಳತೆಯ ಕೋಲು. ಮ್ಯಾನೇಜರು ಎಲ್ಲಿ?"

ಮ್ಯಾನೇಜರು ಬೆಂಗಳೂರಿಗೆ ಹೋಗಿದ್ದರು. ಬರಲು ನಾಲ್ಕು ದಿನವಿತ್ತು. ನಾನು ಹೂಂ ಎಂದೆ. ಈ ಹೂಂ ನನ್ನದು. ಅದನ್ನು ಅವರ ಮೇಲೆ ಹಾಕುವುದಿಲ್ಲ.

ಎಂಟು ಬಂಗುಡೆಗಳನ್ನು ಐದೈದು ಅಡಿಗೆ ಒಂದರಂತೆ ಇಟ್ಟರು. ಪ್ರತಿಯೊಂದರ ಪಕ್ಕದಲ್ಲಿ ಒಂದು ಕಡ್ಡಿ, ಕಡ್ಡಿಗೆ ಸಂಖ್ಯೆ ಬರೆದ ಚೀಟಿ. ಸಂಖ್ಯೆ ಬರೆದವನು ನಾನು. ಮೀನಿನ ನೀರು ಇಳಿದು ಹೋಗಲೆಂದು ತಲೆಗಳನ್ನೆಲ್ಲ ಇಳಿಜಾರಿನ ಮೇಲ್ಬದಿಗೆ ಮಾಡಿದರು. ಮೇಲ್ಬದಿಯಲ್ಲಿ ಮ್ಯಾನೇಜರರ ಕೋಣೆಯ ಕಿಟಕಿ ಇದ್ದದ್ದು ಆಗ ನಮ್ಮ ಯಾರ ಗಮನಕ್ಕೂ ಬರಲಿಲ್ಲ. ಕಾಗೆಗಳನ್ನು ಹೆದರಿಸಲು ಕಪ್ಪು ಪ್ಲಾಸ್ಟಿಕ್ ಚೀಲಗಳನ್ನು ಸತ್ತ ಕಾಗೆಯ ಹಾಗೆ ಕಟ್ಟಿ ಎರಡು ಕಂಬಗಳಿಗೆ ನೇತು ಹಾಕಿದರು. ಆಮೇಲೆ ತಲೆಗೊಂದು ಬೈರಾಸು ಸುತ್ತಿಕೊಂಡು ಪಾತಿಯ ಅಂಚಿನಲ್ಲೇ ಕುಳಿತರು. ಮೂರು ದಿನ ಹಾಗೆ ಕುಳಿತರು. ಸಂಜೆ ಮೀನನ್ನು ಡಬ್ಬಿಗೆ ತುಂಬಿಸಿ, ಬೆಳಿಗ್ಗೆ ಅದೇ ಅದೇ ಜಾಗಕ್ಕೆ ಇಡುತ್ತಿದ್ದರು.

"ಅಕ್ಕಾರ, ಮೀನ ಬಿತ್ತಿದ್ರ ಮೀನ ಬೆಳಿತಾವೇನ್ರಿ?" ಎಂದ ಯಮನಪ್ಪ.

"ನಿನ್ನನ್ನೇ ಬಿತ್ತಿ ನೋಡುವ, ಎಂತ ಬೆಳೀತದೆ ಅಂತ."

ಎರಡನೇ ದಿನ ಎರಡೂವರೆಗೆ ಅಕ್ಕ ನನ್ನನ್ನು ಕೂಗಿದರು. ಮೂರರಿಂದ ಆರರವರೆಗಿನ ಮೀನುಗಳು ಒಣಗಿದ್ದವು. ಅದಲ್ಲ ವಿಷಯ. ಒಂದನ್ನು ಮಗುಚಿ ತೋರಿಸಿದರು. ಬಿಸಿಲು ಬೀಳುವ ಮೇಲ್ಮೈಗಿಂತ ನೆಲಕ್ಕೆ ತಾಗಿದ ಹೊಟ್ಟೆಯ ಬದಿ ಹೆಚ್ಚು ಗಟ್ಟಿಯಾಗಿ, ಕಂದಾಗಿತ್ತು.

"ನೋಡಿ ಭಟ್ರೇ. ಮೇಲಿಂದ ಒಣಗಿದ್ದಲ್ಲ, ಅಡಿಯಿಂದ ಹುರಿದದ್ದು. ಇಲ್ಲಿ ಅರ್ಧ ಅಡಿ ಮಣ್ಣು, ಅದರ ಕೆಳಗೆ ಇಡೀ ಮುರಕಲ್ಲು. ಎದುರು ಬಿಳಿ ಗೋಡೆ. ನಿಮ್ಮ ಗುಲಾಬಿ ಬಾಣಲೆಯಲ್ಲಿ ನಿಂತಿತ್ತು. ನೀವು ಎರಡು ಹೊತ್ತು ನೀರು ಹಾಕಿದ್ರಲ್ಲ? ಅದು ಒಗ್ಗರಣೆ."

ಮೂರು ವರ್ಷ ನನಗೆ ಗೊತ್ತಾಗದ್ದು ಆ ಮೀನಿಗೆ ಎರಡು ದಿನದಲ್ಲಿ ಗೊತ್ತಾಗಿತ್ತು. ಗೋಡೆಯಿಂದ ಒಂದು ಮಾರು ಬಿಟ್ಟು, ಎರಡಡಿ ಆಳಕ್ಕೆ ಕಲ್ಲು ಒಡೆದು ತೆಗೆದು, ಹೊಸ ಮಣ್ಣು ತುಂಬಿಸಿ ನೆಡಬೇಕೆಂದು ಅವರು ತೀರ್ಮಾನಿಸಿದರು. ಯಮನಪ್ಪನಿಗೆ ಕೊನೆಗೂ ಅಗೆಯಲು ಜಾಗ ಸಿಕ್ಕಿತು.

ಮೂರನೇ ದಿನ ಬೆಳಿಗ್ಗೆ ಏಳಕ್ಕೆ ಅಕ್ಕ, ಒಣಗಿದವನ್ನೂ ಸೇರಿಸಿ, ಎಂಟೂ ಮೀನುಗಳನ್ನು ಇಟ್ಟರು. ಮ್ಯಾನೇಜರು ಒಂದು ದಿನ ಮೊದಲೇ, ರಾತ್ರಿಯ ಬಸ್ಸಿಗೆ ಹೊರಟು ಬಂದಿದ್ದರು. ಏಳೂ ಕಾಲಿಗೆ, ಅಕ್ಕ ಕೈ ತೊಳೆಯಲು ನಲ್ಲಿಯ ಹತ್ತಿರ ಹೋಗಿದ್ದಾಗ, ಅವರು ಕಿಟಕಿ ತೆರೆದರು. ಕೂಡಲೇ ಮುಚ್ಚಿದ ಶಬ್ದವೂ ಕೇಳಿಸಿತು. ನಾನು ಮೇಲೆ ಹೋದೆ. ಅವರು ಮಂಚದ ಮೇಲೆ ಕುಳಿತು ಬೆವರುತ್ತಿದ್ದರು.

"ಭಟ್ರೇ, ನನಗೆ ಯಾರೋ ಮಾಡಿಸಿದ್ದಾರೆ."

"ಎಂತ ಸರ್?"

"ಮಾಟ. ಎಂಟು ಮೀನು. ಅರಸಿನ. ಎಲ್ಲದರ ಮುಖ ನನ್ನ ಕಿಟಕಿಗೆ. ಕಂಬದಲ್ಲಿ ಸತ್ತ ಕಾಗೆ! ನನ್ನ ಸೊಂಟ ನೋವು ಸುಮ್ಮನೆ ಬಂದದ್ದಲ್ಲ. ಯಾರು ರಾತ್ರಿ ತಂದಿಟ್ಟದ್ದು?"

"ರಾತ್ರಿ ಯಾರೂ ಇಟ್ಟದ್ದಲ್ಲ ಸರ್" ಎಂದೆ. ಅದು ನಿಜ. ಕೇಳಿದಷ್ಟಕ್ಕೆ ಉತ್ತರ ಕೊಟ್ಟೆ.

"ರಾತ್ರಿ ಅಲ್ಲದಿದ್ದರೆ ಇನ್ನೂ ಅಪಾಯ" ಎಂದರು.

ಇಡೀ ದಿನ ಅವರು ಕಿಟಕಿ ತೆರೆಯಲಿಲ್ಲ. ಮಧ್ಯಾಹ್ನ ಮೂರರೊಳಗೆ ಉಳಿದ ಮೀನುಗಳೂ ಒಣಗಿದವು. ಅಕ್ಕ ಎಲ್ಲವನ್ನೂ ಡಬ್ಬಿಗೆ ತುಂಬಿಸಿ ಕೋಣೆಯಲ್ಲಿಟ್ಟು ಮನೆಗೆ ಹೋದರು. ನಾಲ್ಕಕ್ಕೆ ಮ್ಯಾನೇಜರು ಧೈರ್ಯ ಮಾಡಿ ಪರದೆ ಸರಿಸಿದಾಗ ಬರೀ ಕಡ್ಡಿಗಳಿದ್ದವು. ಮೀನು ಇದ್ದದ್ದಕ್ಕಿಂತ ಮೀನು ಇಲ್ಲದ್ದು ಅವರನ್ನು ಹೆಚ್ಚು ಹೆದರಿಸಿತು. ಭಾನುವಾರಕ್ಕೆ ಕವಡೆ ಹಾಕಿಸಿ ಪ್ರಶ್ನೆ ಇಡಿಸುವುದೆಂದು ನಿಶ್ಚಯಿಸಿದರು. ಬೆಳ್ಮಣ್ ಕಡೆಯ ಒಬ್ಬ ಜೋಯಿಸರಿಗೆ ಫೋನು ಹೋಯಿತು.

ನಾನು ಆಗಲೇ ನಿಜ ಹೇಳಬೇಕಿತ್ತು. ಹೇಳಿದರೆ ಆವರಣದೊಳಗೆ ಮೀನು ತಂದದ್ದಕ್ಕೆ ಅಕ್ಕನ ಕೆಲಸ ಹೋಗುತ್ತದೆ. ಹೇಳದಿದ್ದರೆ ಪ್ರಶ್ನೆ ಆಗುತ್ತದೆ, ಅಷ್ಟೇ ತಾನೇ? ಹಾಗೆ ಲೆಕ್ಕ ಹಾಕಿ ಸುಮ್ಮನಿದ್ದೆ.

ಮಧ್ಯೆ ಗುರುವಾರ ನಾನೂ ಅಕ್ಕನೂ ಉದ್ಯಾವರದಲ್ಲಿ ಹೆದ್ದಾರಿಯ ಬದಿಯ ಒಂದು ನರ್ಸರಿಗೆ ಹೋದೆವು. ಹಸಿರು ಬಲೆಯ ನೆರಳಿನಲ್ಲಿ ಬೋಗನ್‌ವಿಲ್ಲಾಗಳು ಮದುವೆಯ ದಿಬ್ಬಣದ ಹಾಗೆ ನಿಂತಿದ್ದವು. ಅಕ್ಕ ಅವುಗಳ ಮುಂದೆ ನಿಲ್ಲಲೇ ಇಲ್ಲ.

"ಇದೆಲ್ಲ ಕೊಡೆಯ ಅಡಿಯಲ್ಲಿ ಬೆಳೆದದ್ದು. ಮಣಿಪಾಲಕ್ಕೆ ಬಂದ್ರೆ ತಲೆ ತಿರುಗಿ ಬೀಳ್ತದೆ" ಎಂದು ಬೇಲಿಯ ಹೊರಗೆ ಬೊಟ್ಟು ಮಾಡಿದರು. ಅಲ್ಲಿ ಧೂಳು ಮುಚ್ಚಿದ, ಎಲೆ ಕಡಿಮೆಯಾದ, ವಕ್ರ ವಕ್ರ ಕಡ್ಡಿಗಳು ಹರಿದ ಚೀಲಗಳಲ್ಲಿದ್ದವು. "ಅದು ಕೊಡಿ."

ನರ್ಸರಿಯವನಿಗೆ ನಾಚಿಕೆಯಾಯಿತು. "ಅದು ಮಾರ್ಲಿಕ್ಕೆ ಇಟ್ಟದ್ದಲ್ಲ ಅಕ್ಕ. ಬಿಸಾಡಿದ್ದು."

"ಬಿಸಾಡಿ ಎಷ್ಟು ಸಮಯ ಆಯ್ತು?"

"ಎರಡು ಬೇಸಿಗೆ."

"ನೀರು ಹಾಕಿದ್ದೀರಾ?"

"ಇಲ್ಲ ಅಕ್ಕ, ದೇವರಾಣೆ ಇಲ್ಲ."

"ಹಾಗಾದ್ರೆ ಅದೇ ಬೇಕು."

ಗಿಡ ಆರಿಸುವಾಗ ಅವರು ಹೂವನ್ನು ನೋಡುತ್ತಿರಲಿಲ್ಲ. ಎಲೆಯನ್ನು ಬೆರಳುಗಳ ನಡುವೆ ತಿಕ್ಕುತ್ತಿದ್ದರು. ದಪ್ಪಗಿರಬೇಕು, ಇಲ್ಲವೆ ಸಣ್ಣದಿರಬೇಕು. "ತೆಳ್ಳಗೆ ಅಗಲ ಎಲೆ ಅಂದ್ರೆ ದೊಡ್ಡ ಬಾಯಿ. ಯಾವಾಗಲೂ ಕುಡಿಯುದು" ಎನ್ನುತ್ತಿದ್ದರು. ದಿನಾ ನೀರು ಹಾಕುವುದು ಅವರಿಗೆ ಆಗುತ್ತಿರಲಿಲ್ಲ. ಬೇರು ಇಳಿದ ಮೇಲೆ ಎಂಟು ದಿನಕ್ಕೊಮ್ಮೆ ಹೊಟ್ಟೆ ತುಂಬ ಕೊಡಬೇಕು, ದಿನಾ ಉಪಚಾರ ಮಾಡಿದರೆ ಗಿಡ ಹೊಸ ಅಳಿಯನ ಹಾಗೆ ಕೂತಲ್ಲಿಂದ ಏಳುವುದಿಲ್ಲ, ಬೇರು ಕೆಳಗೆ ಹೋಗುವುದಿಲ್ಲ ಎನ್ನುವುದು ಅವರ ಅಭಿಪ್ರಾಯ. ಎಲ್ಲ ಜಾತಿಯವೂ ಸೇರಿ ಇಪ್ಪತ್ತೆರಡು ಕಡ್ಡಿಗಳನ್ನು ತಂದು ಉಪಕರಣದ ಕೋಣೆಯ ಹೊರಗೆ ಇಟ್ಟೆವು. ಅವು ಗಿಡ ಎಂದು ಅತಿಥಿಗಳಿಗೆ ತಿಳಿಯಲಿಲ್ಲ. ಒಬ್ಬರು ಅದರ ಮೇಲೆ ಒದ್ದೆ ಟವೆಲು ಒಣ ಹಾಕಿದ್ದರು.

ಭಾನುವಾರ ಬೆಳಿಗ್ಗೆ ಜೋಯಿಸರು ಬಂದರು. ಮ್ಯಾನೇಜರರ ಕೋಣೆಯಲ್ಲಿ ಮಣೆ ಹಾಕಿ ಕವಡೆ ಇಟ್ಟರು. ಮ್ಯಾನೇಜರು, ನಾನು, ಅವರು, ಮೂವರೇ. ಅಕ್ಕ ಕೆಳಗೆ ಯಮನಪ್ಪ ಒಡೆದ ಕಲ್ಲನ್ನು ಬದಿಗೆ ಸರಿಸುತ್ತಿದ್ದರು. ಪಿಕಾಸಿಯ ಏಟು ಒಂದೊಂದೇ ಕೇಳಿಸುತ್ತಿತ್ತು.

ಜೋಯಿಸರು ಬಹಳ ಹೊತ್ತು ಕವಡೆ ಸರಿಸಿದರು. "ಸ್ತ್ರೀ" ಎಂದರು.

ನಾನು ಕಿಟಕಿಯ ಕಡೆ ನೋಡಿದೆ.

"ದಕ್ಷಿಣ ದಿಕ್ಕಿನವಳು."

ಕಾಪು ಮಣಿಪಾಲಕ್ಕೆ ದಕ್ಷಿಣ.

"ನೀರಿನ ಸಂಬಂಧ ಉಂಟು. ತಲೆಯ ಮೇಲೆ ಭಾರ ಹೊತ್ತವಳು."

ಜೋಯಿಸರಿಗೆ ಇದು ಹೇಗೆ ತಿಳಿಯಿತೆಂದು ನನಗೆ ಇಂದಿಗೂ ಗೊತ್ತಿಲ್ಲ. ನಾನಂತೂ ಹೇಳಿರಲಿಲ್ಲ.

"ಉದ್ದೇಶ ಎಂತ?" ಎಂದರು ಮ್ಯಾನೇಜರು. ಅವರ ಧ್ವನಿ ಸಣ್ಣದಾಗಿತ್ತು.

"ಒಣಗಿಸುವುದು" ಎಂದರು ಜೋಯಿಸರು.

ಅದೂ ಸರಿಯೇ.

ಪರಿಹಾರವನ್ನೂ ಹೇಳಿದರು. ಆ ಜಾಗದಲ್ಲಿ ಬೇರು ಇಳಿಯಬಾರದು. ಮಣ್ಣು ತೆರೆದಿರಬಾರದು. ಶಾಂತಿ ಮಾಡಿಸಿ, ನಲವತ್ತು ಅಡಿಗೂ ಕಾಂಕ್ರೀಟು ಹಾಕಿ ಮುಚ್ಚಿಬಿಡಬೇಕು.

"ನಾಳೆಯೇ ಹಾಕಿಸುವ. ಹೂವೂ ಬೇಡ, ಎಂತದೂ ಬೇಡ. ಭಟ್ರೇ, ಆ ತೋಟದ ಹೆಂಗಸಿಗೆ ನಾಳೆಯಿಂದ ಬರುದು ಬೇಡ ಅಂತ ಹೇಳಿ" ಎಂದರು ಮ್ಯಾನೇಜರು.

ಆಗ ನಾನು ಬಾಯಿ ತೆರೆದೆ. ಕಿಸೆಯಿಂದ ನೋಟ್‌ಬುಕ್ ತೆಗೆದು ನಿಂತು ಓದಿದೆ. ಕಡ್ಡಿ ಒಂದು, ಮೂರನೇ ದಿನ ಮಧ್ಯಾಹ್ನ ಹನ್ನೆರಡೂ ಮುಕ್ಕಾಲು, ದಾಸವಾಳ. ಕಡ್ಡಿ ಎರಡು, ಮೂರನೇ ದಿನ ಹನ್ನೊಂದೂವರೆ, ಕೇಪಳ. ಕಡ್ಡಿ ಮೂರು, ಎರಡನೇ ದಿನ ಎರಡೂ ಇಪ್ಪತ್ತು, ಅಡಿ ಬದಿ ಕಂದು, ಕಲ್ಲು ಒಡೆಯತಕ್ಕದ್ದು, ಬೋಗನ್‌ವಿಲ್ಲಾ. ಹೀಗೆ ಎಂಟರವರೆಗೆ. ಓದಿ ಮುಗಿದ ಮೇಲೆ ಮ್ಯಾನೇಜರು ಕೇಳಿದರು, "ಭಟ್ರೇ, ನಿಮಗೆ ಹುಷಾರುಂಟಾ?"

ಜೋಯಿಸರು ಕವಡೆಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದರು. "ಇದನ್ನು ಮೊದಲೇ ಹೇಳ್ಬೇಕಲ್ವಾ ಮಾರಾಯ್ರೇ. ಸುಮ್ಮನೆ ನನ್ನ ಸಮಯವೂ ಹೋಯ್ತು" ಎಂದವರು ನನ್ನ ಕಡೆ ಬಾಗಿ, ಧ್ವನಿ ತಗ್ಗಿಸಿ ಕೇಳಿದರು. "ಅಲ್ಲ, ನಮ್ಮ ಮನೆಯ ಅಂಗಳದಲ್ಲಿ ಪಡುವಣ ಬದಿ ಒಂದು ಜಾಗ ಉಂಟು. ಎಂತ ನೆಟ್ಟರೂ ಕರಟಿ ಹೋಗ್ತದೆ. ಮೀನು ನಾವು ಇಡ್ಲಿಕ್ಕಿಲ್ಲ. ಹಪ್ಪಳದಲ್ಲಿ ನೋಡಿದ್ರೆ ಆಗ್ತದಾ?"

ಹಪ್ಪಳ ತೀರಾ ತೆಳು, ಆಗಲಿಕ್ಕಿಲ್ಲ ಎಂದೆ. ಹಲಸಿನ ಸೋಳೆ ಆಗಬಹುದೋ ಏನೋ, ಅಕ್ಕನನ್ನು ಕೇಳಿ ಹೇಳುತ್ತೇನೆ ಎಂದೆ.

ಮಾಟವಲ್ಲ ಎಂದು ತಿಳಿದ ಮೇಲೆ ಮ್ಯಾನೇಜರರ ಹೆದರಿಕೆ ಹೋಗಿ ಸಿಟ್ಟು ಬಂತು. ಸಿಟ್ಟು ಅರ್ಧ ಗಂಟೆಯಲ್ಲಿ ಇಳಿಯಿತು. ಅವರು ಕೆಟ್ಟ ಮನುಷ್ಯರಲ್ಲ. ಸೊಂಟ ನೋವೂ ಆ ಹೊತ್ತಿಗೆ ಕಡಿಮೆಯಾಗಿತ್ತು. "ಪಾತಿ ಮಾಡ್ಲಿ. ಹೂವಾದರೆ ಪರ್ಮನೆಂಟ್ ಮಾಡುವ. ಆದರೆ ಮೀನು ಇನ್ನು ಇಲ್ಲಿ ಕಾಣಬಾರದು. ಏನಾದರೂ ಬರ್ದು ಅವಳ ಸಹಿ ತನ್ನಿ" ಎಂದರು. ಅವರು ಹೇಳಿದ್ದು ಇಷ್ಟೇ. ಇದನ್ನು ನಾನು ಖಚಿತವಾಗಿ ಬಲ್ಲೆ.

ಬರೆಯಲು ಕುಳಿತವನು ನಾನು. ಫಲಕದ ನಿಯಮ ಮುರಿದಿಲ್ಲ ಎಂದು ತೋರಿಸಬೇಕಿತ್ತು, ಅಕ್ಕನಿಗಾಗಿ ಮಾತ್ರ ಅಲ್ಲ, ನನಗಾಗಿಯೂ. ತಿನ್ನುವ ಮೀನು ಆಹಾರ, ತಿನ್ನದ ಮೀನು ಉಪಕರಣ. ಆದ್ದರಿಂದ ಈ ಮೀನನ್ನು ಯಾರೂ ತಿನ್ನಲಿಲ್ಲ ಎಂಬುದಕ್ಕೆ ಒಂದು ಖಾತ್ರಿ ಬೇಕು. ನನಗೆ ಆ ತರ್ಕ ಬಹಳ ಇಷ್ಟವಾಯಿತು. ಮೂರು ಸಲ ತಿದ್ದಿ ಬರೆದೆ: "ಬಿಸಿಲಿನ ಅಳತೆಗೆ ಬಳಸಲಾದ ಎಂಟು ಮೀನುಗಳನ್ನು ಸೂಪರ್‌ವೈಸರರ ಸಮಕ್ಷಮದಲ್ಲಿ ಆವರಣದ ಹೊರಗೆ ಹೂಳತಕ್ಕದ್ದು, ಯಾವುದೇ ಕಾರಣಕ್ಕೂ ಅವನ್ನು ಆಹಾರವಾಗಿ ಉಪಯೋಗಿಸತಕ್ಕದ್ದಲ್ಲ."

ಸೋಮವಾರ ಅಕ್ಕನಿಗೆ ಓದಿ ಹೇಳಿದೆ. ಅವರು ಉಪಕರಣದ ಕೋಣೆಯ ಮೆಟ್ಟಿಲ ಮೇಲೆ ಕುಳಿತಿದ್ದರು. ಡಬ್ಬಿ ಮಡಿಲಲ್ಲಿತ್ತು.

"ಹೂಳುದು ಅಂದ್ರೆ ಮಣ್ಣಿಗೆ ಹಾಕುದಾ?"

"ಹೌದು. ಮ್ಯಾನೇಜರಿಗೆ ಹೀಗೆ ಬೇಕಂತೆ" ಎಂದೆ. ಆ ವಾರದಲ್ಲಿ ನಾನು ಹೇಳಿದ ಒಂದೇ ಸುಳ್ಳು ಅದು.

"ಒಣಗಿದ ಮೀನನ್ನು?"

"ತೆಂಗಿನ ಬುಡಕ್ಕೆ ಬೂತಾಯಿ ಹಾಕುದಿಲ್ವಾ ಅಕ್ಕ? ಹಾಗೇ ಅಂತ ಇಟ್ಕೊಳ್ಳಿ."

"ಅದು ಹಾಳಾದ ಮೀನು ಭಟ್ರೇ. ಇದು ಹಾಳಾಗಬಾರದು ಅಂತ ನಾನು ಮೂರು ದಿನ ಬಿಸಿಲಲ್ಲಿ ಕೂತದ್ದು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನನಗೆ ಪಾಠ ಹೇಳುವ ಹಾಗೆ ಇತ್ತು. "ಮಳೆಗಾಲದಲ್ಲಿ ದೋಣಿ ಇಳಿಯುದಿಲ್ಲ. ಅರ್ಧ ಬಂಗುಡೆ ಸುಟ್ಟು ನಾಲ್ಕು ಜನ ಊಟ ಮಾಡಿದ್ದೇವೆ ನಾವು. ಅದನ್ನು ಗುಂಡಿಗೆ ಹಾಕಿ ನಾನು ಪರ್ಮನೆಂಟ್ ಆಗುದಾ?"

"ಸಹಿ ಹಾಕಿ ಅಕ್ಕ. ಮೀನು ಮನೆಗೆ ತಕ್ಕೊಂಡು ಹೋಗಿ. ಯಾರು ನೋಡ್ತಾರೆ?"

ಅವರು ಇಡೀ ಮೈ ತಿರುಗಿಸಿ ನನ್ನನ್ನು ನೋಡಿದರು.

"ನೀವು ನೋಡ್ತೀರಲ್ಲ. ಅದರಲ್ಲೇ ಬರ್ದುಂಟಲ್ಲ, ನಿಮ್ಮೆದುರಲ್ಲಿ ಅಂತ. ಆಮೇಲೆ ನಿಮಗೆ ಸುಳ್ಳು ಬರೀಬೇಕಾಗ್ತದೆ. ನಿಮ್ಮಿಂದ ಆಗುದಿಲ್ಲ ಅದು."

ಡಬ್ಬಿಯಿಂದ ಎರಡು ಮೀನನ್ನು ತೆಗೆದು ಕಾಗದದಲ್ಲಿ ಸುತ್ತಿ ಯಮನಪ್ಪನಿಗೆ ಕೊಟ್ಟರು. ಯಾವ ಹೊಂಡಕ್ಕೆ ಯಾವ ಗಿಡ ಎಂದು ಅವನನ್ನು ಕರೆದುಕೊಂಡು ಹೋಗಿ ಒಂದೊಂದಾಗಿ ತೋರಿಸಿದರು. ಆಮೇಲೆ ಸಹಿ ಹಾಕದೆಯೇ ಬಸ್ಸಿಗೆ ಹೋದರು. ಯಮನಪ್ಪ ಸಂಜೆ ಆ ಮೀನನ್ನು ಸುಟ್ಟು ರೊಟ್ಟಿಯ ಜೊತೆ ತಿಂದ. "ಹೆಂಗೈತೋ?" ಎಂದು ಅವನ ಕಡೆಯ ಯಾರೋ ಕೇಳಿದ್ದಕ್ಕೆ, "ಚಪ್ಪಲಿಗೆ ಉಪ್ಪ ಹಚ್ಚಿದಂಗ ಐತಿ. ಆದ್ರೂ ಬಿಡಾಂಗಿಲ್ಲ, ಅಕ್ಕಾರು ಕೊಟ್ಟದ್ದು" ಎಂದ.

ಗಿಡಗಳನ್ನು ನಾನೂ ಯಮನಪ್ಪನೂ ಅವರು ತೋರಿಸಿದ ಹಾಗೆಯೇ ನೆಟ್ಟೆವು. ಇಪ್ಪತ್ತೆರಡರಲ್ಲಿ ಒಂದೂ ಸಾಯಲಿಲ್ಲ. ವಿಷು ಕಳೆದು ಯಜಮಾನರು ಬಂದಾಗ ಪಾತಿಯಲ್ಲಿ ಎಲೆ ಕಾಣದಷ್ಟು ಬೋಗನ್‌ವಿಲ್ಲಾ, ಅತ್ತ ಇತ್ತ ಕಣಗಿಲೆ, ರತ್ನಗಂಧಿ, ತುದಿಯಲ್ಲಿ ದಾಸವಾಳ, ಕೇಪಳ. ಏಪ್ರಿಲ್ ಬಿಸಿಲಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ, ಹೂವಿಗೆ ಅದರ ಪರಿವೆಯೇ ಇರಲಿಲ್ಲ. ಯಜಮಾನರು ಕಾರಿನ ಬಾಗಿಲು ಹಿಡಿದು ನಿಂತು, "ಯಾರು ಮಾಡಿದ್ದು ಇದು?" ಎಂದರು.

"ನಮ್ಮ ಭಟ್ರು ಸರ್" ಎಂದರು ಮ್ಯಾನೇಜರು.

ಯಜಮಾನರು ನನ್ನ ಕೈ ಕುಲುಕಿದರು. ನಾನು ಏನೂ ಹೇಳಲಿಲ್ಲ. ಹೇಳಲು ಸಾಕಷ್ಟು ಸಮಯವಿತ್ತು. ಅವರು ಅಲ್ಲಿ ಎರಡು ನಿಮಿಷವಾದರೂ ನಿಂತಿದ್ದರು.

ಅಕ್ಕ ಹೊಸ ಬುಟ್ಟಿ ಕೊಂಡು ಮತ್ತೆ ಒಂದು ವರ್ಷ ತಲೆಯ ಮೇಲೆ ಹೊತ್ತರೆಂದು ಆಮೇಲೆ ಕೇಳಿದೆ. ಮಣಿಪಾಲದ ದಾರಿಗೆ ಮಾತ್ರ ಬರುತ್ತಿರಲಿಲ್ಲ.

ಆರೇಳು ವರ್ಷದ ನಂತರ, ನಾನು ಕಾರ್ಕಳದ ಮನೆಗೆ ಹೋಗುವಾಗ ಬೆಳ್ಮಣ್ಣಿನಲ್ಲಿ ಬಸ್ಸು ಬದಲಿಸಲು ಇಳಿದೆ. ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಅವರು ಕುಳಿತಿದ್ದರು. ಕುತ್ತಿಗೆಗೆ ಪಟ್ಟಿ ಕಟ್ಟಿದ್ದರು. ಕೈಯಲ್ಲಿ ಒಂದು ಮುಚ್ಚಿದ ಡಬ್ಬಿ. ನನ್ನನ್ನು ಕಂಡು ಬಾಯಿ ತುಂಬ ನಕ್ಕು ಬೆಂಚಿನಲ್ಲಿ ಜಾಗ ಮಾಡಿದರು. ಶಿರ್ವದಲ್ಲಿ ಗಲ್ಫಿನವರ ದೊಡ್ಡ ಮನೆಗಳಿಗೆ ಈಗ ಹೂವಿನ ಗಿಡ ಆರಿಸಿ ಕೊಡುತ್ತಿದ್ದಾರಂತೆ. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿ ಬಾಣಲೆ ಮಾಡಿಟ್ಟಿದ್ದಾರೆ, ನಡುವೆ ಒಂದು ಮೊಳ ಮಣ್ಣು ಬಿಟ್ಟು ಹೂ ಬೇಕು ಎನ್ನುತ್ತಾರೆ ಎಂದರು.

"ಅಲ್ಲಿ ಮೀನಿಡ್ಲಿಕ್ಕೆ ತೊಂದರೆ ಇಲ್ವಾ ಅಕ್ಕ?"

"ಎಂತ ತೊಂದರೆ? ಒಂದೇ ತೊಂದರೆ. ಎರಡನೇ ದಿನ ನಾನು 'ಇನ್ನೂ ಒಣಗ್ಲಿಲ್ಲ ಬಾಯಮ್ಮ' ಅಂದ್ರೆ, 'ಒಣಗಿದ್ದು ಸಾಕು' ಅಂತ ಹುರಿದು ತಿಂದುಬಿಡ್ತಾರೆ. ಅಳತೆಯೇ ಸಿಕ್ಕುದಿಲ್ಲ ಮಾರಾಯ್ರೇ!"

ನಾನೂ ನಕ್ಕೆ. ನಕ್ಕು ಮುಗಿದ ಮೇಲೆ ನನಗೆ ತಡೆಯಲಾಗಲಿಲ್ಲ. ಅಷ್ಟು ವರ್ಷದಿಂದ ಮನಸ್ಸಿನಲ್ಲಿ ತಿದ್ದಿ ತಿದ್ದಿ ಇಟ್ಟಿದ್ದ ವಾಕ್ಯ ಅದು. "ಅಕ್ಕ, ಹೂಳಬೇಕು ಅಂತ ಮ್ಯಾನೇಜರು ಹೇಳಿದ್ದಲ್ಲ. ಅವರು ಮೀನು ಇನ್ನು ಕಾಣಬಾರದು ಅಂತ ಮಾತ್ರ ಹೇಳಿದ್ದು. ಉಳಿದದ್ದೆಲ್ಲ ನಾನೇ ಬರೆದದ್ದು."

ಕಾರ್ಕಳದ ಬಸ್ಸು ಬಂದು ನಿಂತಿತು. ಕಂಡಕ್ಟರು ಕೂಗುತ್ತಿದ್ದ. ಅಕ್ಕ ಡಬ್ಬಿಯನ್ನು ಬದಿಗಿಟ್ಟು, ಪೂರ್ತಿ ನನ್ನ ಕಡೆ ತಿರುಗಿ, ನನ್ನ ಚೀಲವನ್ನು ಎತ್ತಿ ನನ್ನ ಕೈಗೆ ಕೊಟ್ಟರು.

"ನನಗೆ ಅವತ್ತೇ ಗೊತ್ತಿತ್ತು ಭಟ್ರೇ. ಅಷ್ಟು ಚಂದದ ಕನ್ನಡ ಮ್ಯಾನೇಜರಿಗೆ ಎಲ್ಲಿಂದ ಬರ್ಬೇಕು? ಹೋಗಿ, ಬಸ್ಸು ಹೊರಡ್ತದೆ."